ಕೆಸರಿನ ಏರಿನಲ್ಲಿ ‘ಮಡ್ ಮೋಡ್’ ಯಾಕೆ ಕೈಕೊಟ್ಟಿತು? ಟ್ರ್ಯಾಕ್ಷನ್ ಕಂಟ್ರೋಲ್, ಹಿಲ್ ಡಿಸೆಂಟ್, ಡಿಫ್ ಲಾಕ್ ಬಳಸಿ ಗೊತ್ತಿರುವವರು ಹೇಳಿ

ಬಾಳೆಹೊನ್ನೂರು ಅಳಿಯ | ಜುಲೈ 13, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕೆಲಸ ಬೆಂಗಳೂರಿನಲ್ಲಿ, ಹೆಂಡತಿಯ ಊರು ಬಾಳೆಹೊನ್ನೂರಿನ ಹತ್ತಿರ. ಪುನರ್ವಸು ಮಳೆ ಹಿಡಿದು ಐದನೇ ದಿನ ಅಲ್ಲಿಗೆ ಹೋಗಿದ್ದೆವು. ಟಾರು ರಸ್ತೆಯಿಂದ ಮಾವನವರ ಮನೆಗೆ ಮುನ್ನೂರು ಮೀಟರ್ ಮಣ್ಣಿನ ದಾರಿ, ಅದರಲ್ಲಿ ಕೊನೆಯ ಐವತ್ತು ಮೀಟರ್ ಒಳ್ಳೆ ಏರು. ಎಡಕ್ಕೆ ಧರೆ, ಬಲಕ್ಕೆ ಚರಂಡಿ, ಚರಂಡಿಯಾಚೆ ತೋಟ.

ನನ್ನದು ಮುಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಆಟೋಮ್ಯಾಟಿಕ್ ಎಸ್‌ಯುವಿ. ಸ್ನೋ, ಮಡ್, ಸ್ಯಾಂಡ್ ಅಂತ ತಿರುಗಿಸುವ ಗುಂಡಿ ಇದೆ. ಮಡ್‌ಗೆ ಹಾಕಿ ಹತ್ತಿಸಿದೆ. ಅರ್ಧ ಏರಿಗೆ ಬರುವಷ್ಟರಲ್ಲಿ ಬಲ ಮುಂದಿನ ಚಕ್ರ ಸುಮ್ಮನೆ ಸುತ್ತತೊಡಗಿತು. ಮೀಟರಿನಲ್ಲಿ ಹಳದಿ ದೀಪ ಮಿಣುಕಿತು, ಕಾಲ ಬುಡದಿಂದ ‘ಟರ್ರ್ ಟಕಟಕ ಟರ್ರ್’ ಅಂತ ಸದ್ದು. ಏನೋ ಮುರಿಯಿತು ಅನ್ನಿಸಿ ಆಕ್ಸಿಲರೇಟರ್ ಬಿಟ್ಟೆ. ಗಾಡಿ ಒಂದು ಕ್ಷಣ ನಿಂತಿತು. ಆಮೇಲೆ ಬ್ರೇಕ್ ಪೂರ್ತಿ ಒತ್ತಿದ್ದರೂ ಹಾಗೇ ಹಿಂದಕ್ಕೆ ಜಾರಿ, ಬಲ ಹಿಂಚಕ್ರ ಚರಂಡಿಗೆ ಇಳಿಯಿತು. ಹಿಂದಿನ ಸೀಟಿನಲ್ಲಿ ಮಗಳಿದ್ದಳು. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ಮೂರು ಸೆಕೆಂಡು ನನಗೆ ಇನ್ನೂ ಮರೆಯಲು ಆಗಿಲ್ಲ.

ಪಕ್ಕದ ತೋಟದ ಹಳೆ ಜೀಪ್ ಬಂದು ಎಳೆದು ಹಾಕಿತು. ಆ ಜೀಪಿನಲ್ಲಿ ಒಂದೇ ಒಂದು ಸೆನ್ಸರ್ ಇಲ್ಲ. ಹಾಗಾದರೆ ನಮ್ಮ ಗಾಡಿಗಳಲ್ಲಿರುವ ಈ ಎಲೆಕ್ಟ್ರಾನಿಕ್ ವ್ಯವಸ್ಥೆಗಳಿಂದ ನಿಜಕ್ಕೂ ಉಪಯೋಗ ಇದೆಯೇ? ನಾನು ತಪ್ಪಿದ್ದು ಎಲ್ಲಿ?

ಮೂಡಿಗೆರೆ ತೋಟ | ಜುಲೈ 13, ರಾತ್ರಿ 10:25

ಮಗು ಸುರಕ್ಷಿತ, ಅದು ಮೊದಲನೆಯದು. ಜೀಪಿನ ವಿಚಾರ ಹೇಳ್ತೀನಿ, ನಮ್ಮ ಮನೆಯಲ್ಲೂ ಒಂದಿದೆ. ಜೀಪ್ ಹತ್ತಿದ್ದಕ್ಕೆ ಮುಖ್ಯ ಕಾರಣ ಟೈರು. 6.00-16 ಅಂತ ಬರುವ ಕಿರಿದಾದ ಟೈರು, ಮೈಮೇಲೆ ಆಳವಾದ ಅಡ್ಡ ಗೀರು. ಮೇಲಿನ ರಾಡಿಯನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲಕ್ಕೆ ಕಚ್ಚುತ್ತದೆ. ನಿಮ್ಮ ಗಾಡಿಯ ಅಗಲದ ಹೈವೇ ಟೈರು ರಾಡಿಯ ಮೇಲೆ ತೇಲುತ್ತದೆ, ಒಂದು ಸುತ್ತಿಗೆ ಗೀರೆಲ್ಲ ಕೆಸರು ತುಂಬಿ ನುಣ್ಣಗಾಗುತ್ತದೆ. ಆಮೇಲೆ ಯಾವ ಮೋಡ್ ಹಾಕಿದರೂ ಸೋಪಿನ ಮೇಲೆ ಸೋಪು ಉಜ್ಜಿದ ಹಾಗೆ.

ಎರಡನೆಯದು ಲೋ ಗೇರ್, ವೇಗ ಕಡಿಮೆ, ಬಲ ಹೆಚ್ಚು. ಮೂರನೆಯದು ಆ ಜೀಪ್ ಓಡಿಸಿದವರಿಗೆ ದಾರಿಯ ಯಾವ ಮಗ್ಗುಲಲ್ಲಿ ಕಲ್ಲಿದೆ ಅಂತ ಕಾಲಿಗೇ ಗೊತ್ತು.

ಬ್ರೇಕ್ ಸಾಫ್ಟ್‌ವೇರ್ | ಜುಲೈ 13, ರಾತ್ರಿ 11:50

ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ಬ್ರೇಕ್ ಕಂಟ್ರೋಲ್ ಕೆಲಸದಲ್ಲೇ ಇದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಸಾರ್, ನಿಮಗೆ ಕೇಳಿಸಿದ ಆ ಟಕಟಕ ಸದ್ದು ಏನೂ ಮುರಿದದ್ದಲ್ಲ. ನಿಮ್ಮ ಗಾಡಿ ನಿಮ್ಮನ್ನು ಹತ್ತಿಸಲು ಪ್ರಯತ್ನಿಸುತ್ತಿದ್ದ ಸದ್ದು ಅದು. ಹುಡ್ ಕೆಳಗೆ ಎಬಿಎಸ್‌ನ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಒಂದು ಅಲ್ಯೂಮಿನಿಯಂ ಬ್ಲಾಕ್ ಇರುತ್ತದೆ. ಅದರೊಳಗೆ ಪಂಪು, ಸಣ್ಣ ಸೊಲೆನಾಯ್ಡ್ ವಾಲ್ವುಗಳು. ನಾಲ್ಕೂ ಚಕ್ರದ ಸೆನ್ಸರುಗಳು ವೇಗ ಹೇಳುತ್ತಲೇ ಇರುತ್ತವೆ. ಬಲಚಕ್ರ ಮಾತ್ರ ಜೋರಾಗಿ ಸುತ್ತುತ್ತಿದೆ ಅಂತ ಗೊತ್ತಾದ ಕೂಡಲೇ ನೀವು ಬ್ರೇಕ್ ಮುಟ್ಟದಿದ್ದರೂ ಪಂಪು ಆ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ, ಬಿಡುತ್ತದೆ, ಮತ್ತೆ ಹಾಕುತ್ತದೆ. ಸದ್ದು ಅದರದ್ದು.

ಯಾಕೆ ಬ್ರೇಕ್? ಸಾಮಾನ್ಯ ಡಿಫರೆನ್ಷಿಯಲ್, ಅಂದರೆ ಎಂಜಿನ್ ಬಲವನ್ನು ಎಡ ಬಲ ಚಕ್ರಕ್ಕೆ ಹಂಚುವ ಗೇರ್ ಜೋಡಣೆ, ಎರಡೂ ಚಕ್ರಕ್ಕೆ ಸಮನಾದ ತಿರುಚು ಬಲ ಕೊಡುತ್ತದೆ. ಒಂದು ಚಕ್ರ ಜಾರುತ್ತಾ ಹತ್ತು ಭಾಗ ಬಲ ಮಾತ್ರ ಹೀರುತ್ತಿದ್ದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಹತ್ತೇ ಭಾಗ. ಎಂಜಿನ್ನಿನಲ್ಲಿ ಎಷ್ಟು ಶಕ್ತಿ ಇದ್ದರೂ ಅಷ್ಟೇ. ಸುತ್ತುವ ಚಕ್ರವನ್ನು ಬ್ರೇಕ್ ಹಿಡಿದರೆ ಅದು ‘ಭಾರ’ವಾಗುತ್ತದೆ, ಅಷ್ಟೇ ಬಲ ಆಚೆ ಚಕ್ರಕ್ಕೂ ಸಿಗುತ್ತದೆ. ಜಿಮ್ನಿಯಲ್ಲಿ ಇದನ್ನು ಬ್ರೇಕ್ ಎಲ್‌ಎಸ್‌ಡಿ ಅನ್ನುತ್ತಾರೆ, ಥಾರ್‌ನಲ್ಲಿ ಬ್ರೇಕ್ ಲಾಕಿಂಗ್ ಡಿಫರೆನ್ಷಿಯಲ್. ನಿಮ್ಮ ಮಡ್ ಮೋಡ್ ಮಾಡುವುದೂ ಮುಖ್ಯವಾಗಿ ಇದನ್ನೇ, ಜೊತೆಗೆ ಚಕ್ರ ಸ್ವಲ್ಪ ಸುತ್ತಲು ಬಿಟ್ಟು ಗೇರ್ ಬದಲಾವಣೆ ತಡಮಾಡುತ್ತದೆ.

ಈಗ ನೋವಿನ ಮಾತು. ಈ ಲೆಕ್ಕ ನಡೆಯಬೇಕಾದರೆ ಎಂಜಿನ್ನಿನಿಂದ ಬಲ ಬರುತ್ತಲೇ ಇರಬೇಕು. ಸದ್ದು ಶುರುವಾದಾಗ ಕಾಲು ಕದಲಿಸದೆ ಒಂದೇ ಹದದಲ್ಲಿ ಒತ್ತಿ ಒಂದೆರಡು ಸೆಕೆಂಡು ಕಾಯಬೇಕು. ನೀವು ಬಿಟ್ಟದ್ದು ಸರಿಯಾಗಿ ಆ ಹೊತ್ತಿಗೇ. ಇದು ನಿಮ್ಮ ತಪ್ಪು ಅಂತ ನಾನು ಹೇಳುವುದಿಲ್ಲ. ಗಾಡಿ ಕೊಡುವಾಗ ಸನ್‌ರೂಫ್ ತೆಗೆಯುವುದನ್ನು ಹತ್ತು ನಿಮಿಷ ತೋರಿಸುತ್ತಾರೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ನನಗೆ ಇದರ ಬಗ್ಗೆ ನಿಜವಾಗಿಯೂ ಸಿಟ್ಟಿದೆ.

ಹಾಗಂತ ಕಾಲು ಬಿಡದಿದ್ದರೆ ಖಂಡಿತ ಹತ್ತುತ್ತಿತ್ತು ಅಂತಲೂ ಹೇಳಲಾರೆ. ಲೆಕ್ಕ ನೋಡಿ. ಒಣ ಟಾರಿನ ಮೇಲೆ ಟೈರಿನ ಹಿಡಿತ (ಟೈರಿನ ಮೇಲಿನ ಭಾರಕ್ಕೆ ಹೋಲಿಸಿದರೆ ಸಿಗುವ ಬಲ) ಸುಮಾರು 0.8. ಜಾರು ಕೆಸರಿನಲ್ಲಿ 0.3 ಅಂತ ಇಟ್ಟುಕೊಳ್ಳೋಣ. ನಾಲ್ಕೂ ಚಕ್ರ ಎಳೆಯುವ ಗಾಡಿ ಅಲ್ಲಿ ಹತ್ತಬಹುದಾದ ಗರಿಷ್ಠ ಏರು, ಹತ್ತು ಅಡಿ ಮುಂದೆ ಹೋದರೆ ಮೂರು ಅಡಿ ಮೇಲೆ. ನಿಮ್ಮದರಲ್ಲಿ ಮುಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ, ಅದೂ ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಹತ್ತು ಅಡಿಗೆ ಒಂದೂವರೆ ಅಡಿ ಅಂದರೆ ಹೆಚ್ಚು. ಅದಕ್ಕಿಂತ ಕಡಿದಾಗಿದ್ದರೆ ಯಾವ ಸಾಫ್ಟ್‌ವೇರೂ ಹತ್ತಿಸದು. ನೆಲ ಮತ್ತು ಟೈರಿನ ನಡುವೆ ಇರುವ ಹಿಡಿತವನ್ನು ನಾವು ಈ ಚಕ್ರದಿಂದ ಆ ಚಕ್ರಕ್ಕೆ ಹಂಚಬಹುದು, ಇಲ್ಲದ್ದನ್ನು ಹುಟ್ಟಿಸಲಾಗದು.

ಎರಿ ಹೊಲ ಗದಗ | ಜುಲೈ 14, ಬೆಳಿಗ್ಗೆ 6:15

ಸಾಫ್ಟ್‌ವೇರ್ ಅಣ್ಣಾರ, ನೀವು ಹೇಳಿದ್ದು ನಾವು ದಿನಾ ಮಾಡೋದೇ ಐತ್ರಿ. ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಬ್ರೇಕ್ ಪೆಡಲ್ ಇರ್ತಾವ. ಎರಿ ಹೊಲದಾಗ ಮಳಿ ಆದ ಮ್ಯಾಲ ಒಂದು ಗಾಲಿ ಬರೇ ತಿರುಗಾಕ ಹತ್ತಿದ್ರ, ಆ ಮಗ್ಗಲದ ಬ್ರೇಕ್ ಹಗೂರಕ ಒತ್ತತೀವಿ. ಇನ್ನೊಂದು ಗಾಲಿ ಜಗ್ಗಾಕ ಶುರು ಮಾಡತೈತಿ. ಅದೂ ಸಾಲದಿದ್ರ ಹಿಮ್ಮಡ ಬುಡಕ ಎರಡೂ ಗಾಲಿ ಒಂದಾಗಿ ತಿರುಗಿಸೋ ಡಿಫ್ ಲಾಕ್ ಪೆಡಲ್ ಐತಿ, ತುಳದು ನೆಟ್ಟಗ ಹೊಂಟಬಿಡೋದು. ಲಾಕ್ ಹಾಕಿ ತಿರುವಬಾರದು, ತಿರುಗೂದೂ ಇಲ್ಲ, ಏನರ ಮುರೀತೈತಿ ಅಂತ ನಮ್ಮಪ್ಪ ಹೇಳಿಕೊಟ್ಟಿದ್ದ.

ನಮ್ಮ ಎರಿ ಮಣ್ಣಂದು ಬ್ಯಾರೇನೇ ಕಥಿ. ಮಲೆನಾಡಿನ ಕೆಂಪು ಮಣ್ಣು ಜಾರತೈತಿ, ಎರಿ ಮಣ್ಣು ಹಿಡಕೋತೈತಿ. ಚಪ್ಪಲಿಗೆ ಹತ್ತಿದಂಗ ಟೈರಿಗೆ ಹತ್ತಿ, ಮಡ್‌ಗಾರ್ಡ್ ಒಳಗ ತುಂಬಿ ಗಾಲಿ ತಿರುಗದಂಗ ಮಾಡತೈತಿ. ಕಾರಿನ ಟ್ರ್ಯಾಕ್ಷನ್ ಕಂಟ್ರೋಲ್ ಗಾಲಿ ತಿರುಗಿದ ಕೂಡ್ಲೇ ಎಂಜಿನ್ ಕಟ್ ಮಾಡತೈತ್ರಿ. ಎರಿ ಮಣ್ಣಾಗ ಗಾಲಿ ಸ್ವಲ್ಪ ಜೋರಾಗಿ ತಿರುಗಿದ್ರನ ಹತ್ತಿದ್ದ ಮಣ್ಣು ಸಿಡದು ಹೋಗತೈತಿ. ಹಂಗಾಗಿ ನಾ ಹೊಲದ ದಾರಿಗೆ ಇಳಿಯೂ ಮುಂದ ಆ ಬಟನ್ ಆಫ್ ಮಾಡತೀನಿ. ಸರಿ ಐತೋ ಇಲ್ಲೋ ಹೇಳ್ರಿ.

ಬ್ರೇಕ್ ಸಾಫ್ಟ್‌ವೇರ್ | ಜುಲೈ 14, ಬೆಳಿಗ್ಗೆ 8:05

ಗದಗದ ಅಣ್ಣನವರೇ, ನೂರಕ್ಕೆ ನೂರು ಸರಿ. ಟ್ರ್ಯಾಕ್ಟರಿನ ಒಂದು ಮಗ್ಗುಲ ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಒತ್ತಿ ಬಿಡುವುದಷ್ಟೇ ನಮ್ಮ ಸಾಫ್ಟ್‌ವೇರ್ ಮಾಡುವ ಕೆಲಸ. ಹೊಸಬರಿಗೆ ಇನ್ನು ಮೇಲೆ ಹೀಗೇ ಹೇಳಿಕೊಡುತ್ತೇನೆ.

ಆಫ್ ಬಟನ್ ಬಗ್ಗೆ ಒಂದು ವಿವರ. ಬಹಳಷ್ಟು ಗಾಡಿಗಳಲ್ಲಿ ಒಮ್ಮೆ ಒತ್ತಿ ಬಿಟ್ಟರೆ ಎಂಜಿನ್ ಶಕ್ತಿ ಕಡಿತಗೊಳಿಸುವ ಭಾಗ ಮಾತ್ರ ನಿಲ್ಲುತ್ತದೆ. ಕೆಲವು ಸೆಕೆಂಡು ಒತ್ತಿ ಹಿಡಿದರೆ, ತಿರುವಿನಲ್ಲಿ ಗಾಡಿ ಅಡ್ಡ ಜಾರದಂತೆ ಹಿಡಿಯುವ ಇಎಸ್‌ಪಿ ಕೂಡ ನಿಲ್ಲುತ್ತದೆ. ಗಾಡಿಯಿಂದ ಗಾಡಿಗೆ ವ್ಯತ್ಯಾಸ ಇರುವುದರಿಂದ ಕೈಪಿಡಿಯ ಆ ಒಂದು ಪುಟ ಓದಲೇಬೇಕು. ಜಿಮ್ನಿಯಂಥದರಲ್ಲಿ 4ಎಲ್ (ನಾಲ್ಕು ಚಕ್ರದ ಎಳೆತ, ಲೋ ಗೇರ್) ಹಾಕಿದ ಕೂಡಲೇ ಇಎಸ್‌ಪಿ ತಾನೇ ಹಿಂದೆ ಸರಿಯುತ್ತದೆ, ಬ್ರೇಕ್ ಎಲ್‌ಎಸ್‌ಡಿ ಮಾತ್ರ ಉಳಿಯುತ್ತದೆ.

ಕೊಟ್ಟಿಗೆಹಾರ ಟೀಚರ್ | ಜುಲೈ 14, ಮಧ್ಯಾಹ್ನ 1:30

ಆಫ್ ಮಾಡಿ ಅಂತ ಎಲ್ಲರೂ ಹೇಳುವ ಮುಂಚೆ ನನ್ನ ಅನುಭವ ಕೇಳಿ. ನಾನು ವಾರಕ್ಕೆರಡು ಸಲ ಚಾರ್ಮಾಡಿ ಇಳಿದು ಉಜಿರೆಗೆ ಹೋಗಿಬರುತ್ತೇನೆ. ಹೋದ ವರ್ಷ ಆಷಾಢದಲ್ಲಿ ಮನೆಯ ಹತ್ತಿರದ ರಾಡಿಯಿಂದ ಹೊರಗೆ ಬರಲು ಬಟನ್ ಒತ್ತಿ ಹಿಡಿದು ಆಫ್ ಮಾಡಿದ್ದೆ. ಬಂದೆ. ಮತ್ತೆ ಆನ್ ಮಾಡುವುದು ಮರೆತೆ. ಘಾಟಿಯಲ್ಲಿ ಮಂಜು, ಟಾರಿನ ಅಂಚಿಗೆ ಪಾಚಿ, ಮೇಲೆ ಒದ್ದೆ ಎಲೆ. ದಿನಾ ತಿರುಗುವ ತಿರುವೇ, ದಿನಾ ಹೋಗುವ ವೇಗವೇ. ಹಿಂಭಾಗ ಹೊರಕ್ಕೆ ಎಳೆಯಿತು. ತಡೆಗೋಡೆಗೂ ನನ್ನ ಹಿಂದಿನ ಬಾಗಿಲಿಗೂ ಒಂದು ಗೇಣು ಉಳಿದಿರಬಹುದು. ಬದಿಗೆ ನಿಲ್ಲಿಸಿ ಉಸಿರು ಬಿಡುವಾಗ ಮೀಟರಿನಲ್ಲಿ ಜಾರುವ ಕಾರಿನ ಚಿತ್ರ, ಕೆಳಗೆ ಆಫ್ ಅಂತ ಇದ್ದದ್ದು ಕಣ್ಣಿಗೆ ಬಿತ್ತು.

ಅದೇ ತಿರುವಿನಲ್ಲಿ ಬೇರೆ ದಿನಗಳಲ್ಲಿ ಆ ದೀಪ ಎಷ್ಟೋ ಸಲ ಒಮ್ಮೆ ಮಿಣುಕಿ ಆರಿಹೋಗುತ್ತಿತ್ತು. ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಅಷ್ಟೂ ದಿನ ಅದು ನನ್ನನ್ನು ಹಿಡಿದು ನಿಲ್ಲಿಸುತ್ತಿತ್ತು ಅಂತ ಆವತ್ತು ತಿಳಿಯಿತು. ದಯವಿಟ್ಟು, ಟಾರು ಸಿಕ್ಕ ಕೂಡಲೇ ಆನ್ ಮಾಡಿ. ಗಾಡಿ ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ತಾನೇ ಆನ್ ಆಗುತ್ತದೆ ಅಂತ ಮೆಕ್ಯಾನಿಕ್ ಹೇಳಿದರು. ನಾನು ಈಗ ಅದನ್ನೇ ರೂಢಿ ಮಾಡಿಕೊಂಡಿದ್ದೇನೆ.

ಬ್ರೇಕ್ ಸಾಫ್ಟ್‌ವೇರ್ | ಜುಲೈ 14, ಮಧ್ಯಾಹ್ನ 2:10

ಮೇಡಂ, ನೀವು ಬರೆದದ್ದನ್ನು ನಾನು ಎರಡು ಸಲ ಓದಿದೆ. ಇಎಸ್‌ಪಿ ಮೊದಲು ಬಂದದ್ದು 1995ರಲ್ಲಿ, ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ. ನೀವು ಸ್ಟಿಯರಿಂಗ್ ತಿರುಗಿಸಿದ ಕೋನಕ್ಕೂ ಗಾಡಿ ನಿಜವಾಗಿ ತಿರುಗುತ್ತಿರುವ ವೇಗಕ್ಕೂ ಹೊಂದಾಣಿಕೆ ತಪ್ಪಿದರೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಮೂತಿಯನ್ನು ದಾರಿಗೆ ತರುತ್ತದೆ. ಯುರೋಪಿನಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ. ನಮ್ಮಲ್ಲಿ ಎಬಿಎಸ್ 2019ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. 2023ರ ಅಕ್ಟೋಬರಿನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಎಂಬ ಕಾರು ಸುರಕ್ಷತಾ ಪರೀಕ್ಷೆಯಲ್ಲಿ ಮೂರು ಸ್ಟಾರ್ ಮತ್ತು ಮೇಲಕ್ಕೆ ಇಎಸ್‌ಸಿ (ಇಎಸ್‌ಪಿಯದೇ ಇನ್ನೊಂದು ಹೆಸರು) ಬೇಕೇ ಬೇಕು. ಕೊಳ್ಳುವಾಗ ಮೋಡ್ ಎಷ್ಟಿದೆ ಅಂತ ಕೇಳುವ ಮುಂಚೆ ನಿಮ್ಮ ವೇರಿಯಂಟಿನಲ್ಲಿ ಇದು ಇದೆಯೇ ಅಂತ ಕೇಳಿ.

ಫೋರ್ ಲೋ | ಜುಲೈ 14, ರಾತ್ರಿ 8:45

ಟಾರಿಗೆ ಎಲೆಕ್ಟ್ರಾನಿಕ್ಸ್ ಸರಿ, ಒಪ್ಪುತ್ತೇನೆ. ಆದರೆ ಕಾಡು ದಾರಿಗೆ, ತೋಟಕ್ಕೆ ಮೆಕ್ಯಾನಿಕಲ್ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬ್ರೇಕ್ ಆಧಾರದ ವ್ಯವಸ್ಥೆ ಚಕ್ರ ಜಾರಿದ ಮೇಲೆ ಎಚ್ಚರಗೊಳ್ಳುತ್ತದೆ, ಅಷ್ಟರಲ್ಲಿ ಗಾಡಿಯ ಓಟ ಸತ್ತಿರುತ್ತದೆ. ಬ್ರೇಕ್ ಹಿಡಿದೂ ಹಿಡಿದೂ ಬಿಸಿಯಾದರೆ ‘ಇನ್ನು ನನ್ನಿಂದಾಗದು’ ಅಂತ ತಾನೇ ಆಫ್ ಆಗುತ್ತದೆ, ಅದೂ ಅರ್ಧ ಏರಿನಲ್ಲಿ. ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಡಿಫ್ ಲಾಕ್ ಇದೆ. ಹಾಕಿದರೆ ಎರಡೂ ಚಕ್ರ ಒಂದೇ ಕಬ್ಬಿಣ. ಒಂದು ಗಾಳಿಯಲ್ಲಿದ್ದರೂ ಇನ್ನೊಂದು ಎಳೆಯುತ್ತದೆ, ಸದ್ದಿಲ್ಲ, ಕಾಯುವುದಿಲ್ಲ.

ಥಾರ್, ಸ್ಕಾರ್ಪಿಯೋ-ಎನ್‌ಗಳ ಕೆಲವು ಆವೃತ್ತಿಗಳಲ್ಲಿ ಬರುವ ಮೆಕ್ಯಾನಿಕಲ್ ಲಾಕ್ ಕೂಡ ಚೆನ್ನ. ಎರಡು ಹಿಂಚಕ್ರದ ನಡುವೆ ನಿಮಿಷಕ್ಕೆ ಸುಮಾರು ನೂರು ಸುತ್ತಿನ ವ್ಯತ್ಯಾಸ ಬಂದರೆ ತಾನೇ ‘ಟಕ್’ ಅಂತ ಕಚ್ಚಿಕೊಳ್ಳುತ್ತದೆ. ಕಾಲು ಅಳುಕದೆ ಆ ಒಂದು ಕ್ಷಣ ಚಕ್ರ ಸುತ್ತಲು ಬಿಡಬೇಕು ಅಷ್ಟೇ.

ಮೂಡಿಗೆರೆ ತೋಟ | ಜುಲೈ 14, ರಾತ್ರಿ 9:30

ಫೋರ್ ಲೋ ಅವರೇ, ಹತ್ತುವುದಕ್ಕೆ ನಿಮ್ಮ ಮಾತು ಸರಿ. ಇಳಿಯುವುದಕ್ಕೆ ನಾನು ಒಪ್ಪಲ್ಲ. ನಮ್ಮ ಜೀಪ್ ಮತ್ತು ಜಿಮ್ನಿ ಎರಡನ್ನೂ ಒಂದೇ ಇಳಿಜಾರಿನಲ್ಲಿ ಹದಿನೈದು ದಿನಕ್ಕೊಮ್ಮೆ ಇಳಿಸುತ್ತೇನೆ, ಗೊಬ್ಬರದ ಚೀಲ ಹೇರಿಕೊಂಡು. ಜೀಪಿನಲ್ಲಿ ಲೋ, ಒಂದನೇ ಗೇರ್, ಕ್ಲಚ್ ಮುಟ್ಟುವಂತಿಲ್ಲ, ಬ್ರೇಕ್ ಮುಟ್ಟಿದರೆ ಹಿಂಭಾಗ ಅಡ್ಡ ತಿರುಗುತ್ತದೆ. ಇಪ್ಪತ್ತು ವರ್ಷದ ಅಭ್ಯಾಸದಿಂದ ನಡೆಯುತ್ತದೆ. ಜಿಮ್ನಿಯಲ್ಲಿ 4ಎಲ್, ಹಿಲ್ ಡಿಸೆಂಟ್ ಒತ್ತಿ ಎರಡೂ ಕಾಲು ಹಿಂದಕ್ಕೆ ಇಟ್ಟುಕೊಂಡರೆ ಗಾಡಿ ನಡಿಗೆಯ ವೇಗದಲ್ಲಿ ತಾನೇ ಇಳಿಯುತ್ತದೆ. ನಾಲ್ಕು ಚಕ್ರಕ್ಕೆ ನಾಲ್ಕು ಬೇರೆ ಬೇರೆ ಅಳತೆಯಲ್ಲಿ ಬ್ರೇಕ್ ಹಾಕಲು ಯಾವ ಮನುಷ್ಯನ ಕಾಲಿಗೂ ಆಗುವುದಿಲ್ಲ. ನನ್ನ ಮಗ ಡ್ರೈವಿಂಗ್ ಕಲಿತ ಮೊದಲ ವರ್ಷವೇ ಅಲ್ಲಿ ಇಳಿಸಿದ. ಜೀಪ್ ಆಗಿದ್ದರೆ ನಾನು ಕೀ ಕೊಡುತ್ತಿರಲಿಲ್ಲ.

ಬ್ರೇಕ್ ಸಾಫ್ಟ್‌ವೇರ್ | ಜುಲೈ 14, ರಾತ್ರಿ 10:00

ಹಿಲ್ ಡಿಸೆಂಟ್ ಹುಟ್ಟಿದ ಕಥೆಯೂ ಇದಕ್ಕೆ ಹೊಂದುತ್ತದೆ. 1997ರ ಲ್ಯಾಂಡ್ ರೋವರ್ ಫ್ರೀಲ್ಯಾಂಡರ್‌ಗೆ ಲೋ ಗೇರ್ ಇರಲಿಲ್ಲ. ಕಡಿದಾದ ಇಳಿಜಾರಿನಲ್ಲಿ ಎಂಜಿನ್ ಹಿಡಿತ ಸಾಲುವುದಿಲ್ಲ ಅಂತ ಎಬಿಎಸ್ ಪಂಪನ್ನೇ ಬಳಸಿ ವೇಗ ತಡೆಯುವ ಉಪಾಯ ಮಾಡಿದರು. ಒಂದು ಗುಂಡಿ ತಿರುಗಿಸಿ ನೆಲ ಆರಿಸುವ ಪದ್ಧತಿಯೂ ಅವರದ್ದೇ, 2004ರ ಡಿಸ್ಕವರಿ 3ರಲ್ಲಿ. ಆದರೆ ಅಲ್ಲಿ ಆ ಗುಂಡಿಯ ಕೆಳಗೆ ನಾಲ್ಕು ಚಕ್ರದ ಎಳೆತ, ಲೋ ಗೇರ್, ಎತ್ತರ ಬದಲಾಗುವ ಸಸ್ಪೆನ್ಷನ್ ಇತ್ತು. ಈಗ ಅದೇ ಬಗೆಯ ಗುಂಡಿ ಎರಡೇ ಚಕ್ರ ಎಳೆಯುವ ಗಾಡಿಗಳಿಗೂ ಬಂದಿದೆ. ಕ್ರೆಟಾದಲ್ಲಿ ಸ್ನೋ, ಮಡ್, ಸ್ಯಾಂಡ್, ಹ್ಯಾರಿಯರ್‌ನಲ್ಲಿ ನಾರ್ಮಲ್, ರಫ್, ವೆಟ್. ಇವು ಸುಳ್ಳಲ್ಲ, ಒಂದು ಚಕ್ರ ಗುಂಡಿಗೆ ಬಿದ್ದಾಗ, ಒದ್ದೆ ಹುಲ್ಲಿನ ಮೇಲೆ ನಿಲ್ಲಿಸಿದಾಗ ನಿಜವಾಗಿ ನೆರವಾಗುತ್ತವೆ. ಹೆಸರು ಒಂದೇ ಇದ್ದರೂ ಅವುಗಳ ಕೈಗೆ ಕೊಟ್ಟಿರುವ ಸಲಕರಣೆ ಬೇರೆ.

ಘಾಟಿಯ ಟಾರು ರಸ್ತೆ ಇಳಿಯಲು ಹಿಲ್ ಡಿಸೆಂಟ್ ಬಳಸಬೇಡಿ. ಅದು ಬ್ರೇಕನ್ನೇ ಸವೆಸುತ್ತದೆ. ಅಲ್ಲಿ ಕೆಳಗಿನ ಗೇರೇ ಸರಿ, ಆಟೋಮ್ಯಾಟಿಕ್ ಆದರೆ ಮ್ಯಾನುಯಲ್‌ಗೆ ಎಳೆದು ಎರಡನೆಯದರಲ್ಲಿ ಇಡಿ.

ಹಾಸನ ಗ್ಯಾರೇಜ್ | ಜುಲೈ 15, ಮಧ್ಯಾಹ್ನ 3:20

ನಮ್ಮ ಕೈಗೆ ಬರುವ ಗಾಡಿಗಳಿಂದ ಎರಡು ಮಾತು. ಮಳೆಗಾಲ ಮುಗಿಯುವಾಗ ತೋಟದ ಗಾಡಿಗಳಲ್ಲಿ ಎಬಿಎಸ್, ಇಎಸ್‌ಪಿ, ಹಿಲ್ ಹೋಲ್ಡ್ ಎಲ್ಲ ದೀಪ ಒಟ್ಟಿಗೆ ಹತ್ತಿಕೊಂಡು ಬರುತ್ತವೆ. ಗಿರಾಕಿಗೆ ಗಾಬರಿ, ನಾಲ್ಕು ವ್ಯವಸ್ಥೆ ಒಟ್ಟಿಗೆ ಕೆಟ್ಟಿತು ಅಂತ. ಹೆಚ್ಚಿನ ಸಲ ಒಂದೇ ಚಕ್ರದ ಸೆನ್ಸರ್. ವೈರಿಗೆ ಕಲ್ಲು ತಾಗಿ ತುಂಡಾಗಿರುತ್ತದೆ, ಇಲ್ಲ ಕನೆಕ್ಟರ್ ಒಳಗೆ ಕೆಸರು ನೀರು ಹೋಗಿ ಹಸಿರು ಹಿಡಿದಿರುತ್ತದೆ. ಈ ಎಲ್ಲ ವ್ಯವಸ್ಥೆಗೂ ಆ ನಾಲ್ಕು ಸೆನ್ಸರೇ ಕಣ್ಣು. ಒಂದು ಕಣ್ಣು ಹೋದರೆ ಎಲ್ಲ ಮುಚ್ಚಿಕೊಳ್ಳುತ್ತವೆ. ಗಾಡಿ ತೊಳೆಯುವಾಗ ಚಕ್ರದ ಒಳಮಗ್ಗುಲಿಗೆ ನೀರು ಬಿಡಿ, ಆದರೆ ಪ್ರೆಶರ್ ಗನ್ ಕನೆಕ್ಟರಿಗೆ ನೇರ ಹಿಡಿಯಬೇಡಿ.

ಇನ್ನೊಂದು, ಬ್ರೇಕ್ ಪ್ಯಾಡ್. ಕೆಸರಿನಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ದುಡಿದಷ್ಟೂ ಪ್ಯಾಡ್ ಸವೆಯುತ್ತದೆ, ನೀವು ಬ್ರೇಕ್ ಒತ್ತದಿದ್ದರೂ. ಮಣ್ಣು ಸೇರಿ ಅರೆದ ಹಾಗೆ ಅರೆಯುತ್ತದೆ. ಮಳೆಗಾಲದ ನಡುವೆ ಒಮ್ಮೆ ಚಕ್ರ ಬಿಚ್ಚಿ ನೋಡಿಸಿ. ಮತ್ತೆ, ನಾಲ್ಕು ಟೈರೂ ಒಂದೇ ಅಳತೆ ಇರಲಿ. ಎರಡು ಹೊಸದು ದೊಡ್ಡದು, ಎರಡು ಸವೆದ ಸಣ್ಣದು ಹಾಕಿದರೆ ಕಂಪ್ಯೂಟರಿಗೆ ಯಾವಾಗಲೂ ಯಾವುದೋ ಚಕ್ರ ಜಾರುತ್ತಿರುವ ಹಾಗೇ ಕಾಣುತ್ತದೆ.

ಪುತ್ತೂರು ಟು ದುಬೈ | ಜುಲೈ 16, ರಾತ್ರಿ 12:10

ಮರಳಿನ ವಿಷಯ ಯಾರೂ ಹೇಳ್ಲಿಲ್ಲ ಅಂತ ಬರೀತಿದ್ದೇನೆ ಮಾರಾಯ್ರೆ. ಇಲ್ಲಿ ಹತ್ತಾ ರಸ್ತೆಯ ಅಲ್ ಬದಾಯರ್ ದಿಬ್ಬಗಳಿಗೆ ಶುಕ್ರವಾರ ಹೋಗುವ ರೂಢಿ. ಮರಳಿಗೆ ಇಳಿಯುವ ಮೊದಲು ಎರಡೇ ಕೆಲಸ. ಟೈರಿನ ಗಾಳಿ 15 ಪಿಎಸ್‌ಐಗೆ ಇಳಿಸುವುದು, ಇಎಸ್‌ಪಿ ಬಟನ್ ಒತ್ತಿ ಹಿಡಿದು ಪೂರ್ತಿ ಆಫ್ ಮಾಡುವುದು. ಮರಳಲ್ಲಿ ಓಟವೇ ಜೀವ. ದಿಬ್ಬದ ಅರ್ಧಕ್ಕೆ ಕಂಪ್ಯೂಟರ್ ಎಂಜಿನ್ ಕುಗ್ಗಿಸಿತೋ, ಅಲ್ಲಿಗೇ ಹೊಟ್ಟೆ ತನಕ ಹೂತು ಹೋಗ್ತದೆ. ಗಾಳಿ ಇಳಿಸಿದಾಗ ಟೈರು ಅಗಲವಲ್ಲ, ಉದ್ದಕ್ಕೆ ಚಪ್ಪಟೆಯಾಗ್ತದೆ, ಒಂಟೆ ಪಾದದ ಹಾಗೆ. ನನಗೆ ಕೇಳಿದರೆ ಎಲ್ಲ ಮೋಡ್‌ಗಿಂತ ಆ ಗಾಳಿಯೇ ಹೆಚ್ಚು ಕೆಲಸ ಮಾಡ್ತದೆ. ಟಾರಿಗೆ ಬಂದ ಕೂಡಲೇ ಮತ್ತೆ ತುಂಬಿಸ್ಲೇಬೇಕು, ಇಲ್ಲದಿದ್ರೆ ತಿರುವಿನಲ್ಲಿ ಟೈರು ರಿಮ್ಮಿಂದ ಕಳಚಿಕೊಳ್ತದೆ.

ಊರಲ್ಲಿ ಅಪ್ಪನ ಅಡಿಕೆ ತೋಟಕ್ಕೆ ಹೋದಾಗ ಇದೇ ಉಪಾಯ ಮಾಡಿದೆ. 33 ಇದ್ದದ್ದನ್ನು 22ಕ್ಕೆ ಇಳಿಸಿದ್ರೆ ಜಂಬಿಟ್ಟಿಗೆ ದಾರಿಯಲ್ಲಿ ಹಿಡಿತ ಎದ್ದು ಕಾಣುವಷ್ಟು ಹೆಚ್ಚಾಯ್ತು. ಬಾಳೆಹೊನ್ನೂರಿನವರು ಡಿಕ್ಕಿಯಲ್ಲಿ ಒಂದು ಸಣ್ಣ ಕಂಪ್ರೆಸರ್ ಇಟ್ಕೊಳ್ಳಿ.

ಮಾಂಟ್ರಿಯಲ್ ಮೈಸೂರು | ಜುಲೈ 16, ಸಂಜೆ 6:55

ಇಲ್ಲಿ ಹಿಮ. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಹಾಕದೆ ಕಾರು ಓಡಿಸುವಂತಿಲ್ಲ, ಕಾನೂನು. ಸ್ನೋ ಮೋಡ್ ಇರುವ ಗಾಡಿಗೂ ವಿನಾಯಿತಿ ಇಲ್ಲ. ಸಾಮಾನ್ಯ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗತೊಡಗುತ್ತದೆ. ಹಾಗಾದ ಮೇಲೆ ನಾಲ್ಕು ಚಕ್ರದ ಎಳೆತ ಇದ್ದರೂ ನಿಲ್ಲುವಾಗ ಉಪಯೋಗಕ್ಕೆ ಬರುವುದಿಲ್ಲ. 40 ಕಿ.ಮೀ. ವೇಗದಲ್ಲಿ ಒಣ ಟಾರಿನ ಮೇಲೆ ಎಂಟು ಮೀಟರಿಗೆ ನಿಲ್ಲುವ ಗಾಡಿಗೆ, ಹಿಡಿತ 0.1ಕ್ಕೆ ಇಳಿದ ಮಂಜುಗಡ್ಡೆಯ ಮೇಲೆ ಅರವತ್ತು ಮೀಟರ್ ಬೇಕು. ನಾನು ಬಂದ ಮೊದಲ ಚಳಿಗಾಲದಲ್ಲಿ ಎಬಿಎಸ್ ಪೆಡಲ್ ಅದುರಿದ ಕೂಡಲೇ ಹೆದರಿ ಕಾಲು ಎತ್ತಿಬಿಟ್ಟಿದ್ದೆ, ಮುಂದಿನ ಗಾಡಿಯ ಬಂಪರಿಗೆ ತಾಗಿಸಿದೆ. ಅದುರಿದರೂ ಒತ್ತಿ ಹಿಡಿಯಬೇಕು ಅಂತ ಆಮೇಲೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಬೇಕೆಂದೇ ಜಾರಿಸಿ ಜಾರಿಸಿ ಕಲಿತೆ. ಬಾಳೆಹೊನ್ನೂರಿನವರದ್ದೂ ಅದೇ ಕಾಲು ಎತ್ತಿದ ಕಥೆ. ನೀವೂ ಸಪಾಟು ಜಾಗದಲ್ಲಿ ಒಮ್ಮೆ ಆ ಸದ್ದನ್ನು ಕಾಲಿಗೆ ಪರಿಚಯ ಮಾಡಿಸಿ.

ಬಾಳೆಹೊನ್ನೂರು ಅಳಿಯ | ಜುಲೈ 16, ರಾತ್ರಿ 9:15

ಇಷ್ಟೊಂದು ಬರೆದ ಎಲ್ಲರಿಗೂ ಮನಸಾರೆ ಧನ್ಯವಾದ. ಇನ್ನೆರಡು ಪ್ರಶ್ನೆ. ಹಿಂದಕ್ಕೆ ಜಾರಲು ಶುರುವಾದಾಗ ಏನು ಮಾಡಬೇಕಿತ್ತು? ಮತ್ತೆ ಈ ಗಾಡಿ ಮಾರಿ ಫೋರ್ ಬೈ ಫೋರ್ ತೆಗೆದುಕೊಳ್ಳಲೇ?

ಫೋರ್ ಲೋ | ಜುಲೈ 16, ರಾತ್ರಿ 9:50

ಮೊದಲನೆಯದಕ್ಕೆ ಉತ್ತರ: ರಿವರ್ಸ್. ಹತ್ತುವುದಿಲ್ಲ ಅಂತ ಗೊತ್ತಾದ ಕೂಡಲೇ, ಗಾಡಿ ಇನ್ನೂ ನಿಂತಿರುವಾಗಲೇ, ಬ್ರೇಕ್ ಹಿಡಿದು ರಿವರ್ಸ್ ಗೇರ್‌ಗೆ ಹಾಕಿ. ಸ್ಟಿಯರಿಂಗ್ ನೆಟ್ಟಗೆ. ಆಮೇಲೆ ಬ್ರೇಕ್ ನಿಧಾನ ಸಡಿಲಿಸಿ ಎಂಜಿನ್ ಹಿಡಿತದಲ್ಲಿ ಬಂದ ದಾರಿಯಲ್ಲೇ ಇಳಿಯಬೇಕು. ಜಾರುತ್ತಿರುವಾಗ ಬ್ರೇಕ್ ಪೂರ್ತಿ ಒತ್ತಿದರೆ ಚಕ್ರ ನಿಂತೇ ಜಾರುತ್ತದೆ, ತಿರುಗದ ಚಕ್ರ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಸ್ವಲ್ಪ ಬಿಟ್ಟು ಚಕ್ರ ಉರುಳಿದರೆ ಮಾತ್ರ ದಿಕ್ಕು ಸಿಗುತ್ತದೆ. ಹಿಲ್ ಹೋಲ್ಡ್ ಎರಡು ಸೆಕೆಂಡು ಬ್ರೇಕ್ ಹಿಡಿದುಕೊಳ್ಳುತ್ತದೆ ಅಷ್ಟೇ, ನೆಲವೇ ಜಾರಿದರೆ ಅದಕ್ಕೂ ದಾರಿಯಿಲ್ಲ. ನಿಮ್ಮವರನ್ನೆಲ್ಲ ಇಳಿಸಿ ಆಮೇಲೆ ಪ್ರಯತ್ನಿಸಿ, ಇದು ಎಲ್ಲಕ್ಕಿಂತ ಮೊದಲು.

ಮೂಡಿಗೆರೆ ತೋಟ | ಜುಲೈ 16, ರಾತ್ರಿ 10:20

ಎರಡನೆಯದಕ್ಕೆ ನಾನು ಹೇಳ್ತೀನಿ. ವರ್ಷಕ್ಕೆ ನಾಲ್ಕು ಸಲ, ಐವತ್ತು ಮೀಟರಿಗಾಗಿ ಗಾಡಿ ಬದಲಿಸಬೇಡಿ. ಆ ದುಡ್ಡಿನ ಸಣ್ಣ ಪಾಲಿನಲ್ಲಿ ಏರಿಗೆ ಚಕ್ರ ಹೋಗುವಲ್ಲಿ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿ, ಮೇಲ್ಮೈ ಒರಟಾಗಿ ಅಡ್ಡ ಗೀರು ಎಳೆಸಿ. ಮೇಲಿನ ನೀರು ದಾರಿಗೆ ಬಾರದ ಹಾಗೆ ಅಡ್ಡ ಚರಂಡಿ ತೋಡಿಸಿ. ಈ ಮಳೆಗಾಲಕ್ಕೆ ಜಲ್ಲಿ ಸುರಿಸಿದರೂ ಸಾಕು. ಮಾವನವರಿಗೂ ಅನುಕೂಲ, ಆಂಬುಲೆನ್ಸ್ ಬರಬೇಕಾದರೂ ಬರುತ್ತದೆ.

ಇನ್ನೊಂದು ಮನವಿ ಎಲ್ಲರಿಗೂ. ಗಾಡಿಯಲ್ಲಿ ಮೋಡ್ ಇದೆ ಅಂತ ಬೆಟ್ಟದ ಹುಲ್ಲುಗಾವಲಿಗೆ, ಹಳ್ಳಕ್ಕೆ ಇಳಿಸಬೇಡಿ. ಒಂದು ಮಳೆಗಾಲದ ಚಕ್ರದ ಗುರುತು ಮುಂದಿನ ಮಳೆಗೆ ಕೊರಕಲಾಗುತ್ತದೆ. ನಮ್ಮ ಗುಡ್ಡಗಳಲ್ಲಿ ಹೀಗೆ ಆದ ಗಾಯಗಳು ದೂರಕ್ಕೇ ಕಾಣುತ್ತವೆ. ಕೊಡಚಾದ್ರಿಗೆ ಹೋಗುವುದಾದರೆ ಅಲ್ಲಿನ ಜೀಪಿನವರೊಡನೆ ಹೋಗಿ.

ಬಾಳೆಹೊನ್ನೂರು ಅಳಿಯ | ಆಗಸ್ಟ್ 4, ರಾತ್ರಿ 8:30

ಆಶ್ಲೇಷ ಮಳೆಯ ಎರಡನೇ ದಿನ ಹೋಗಿಬಂದೆ. ಹೋಗುವ ಮುಂಚೆ ಮಾವನವರು ಏರಿನ ಕೆಳ ಅರ್ಧಕ್ಕೆ ಎರಡು ಲೋಡ್ ಜಲ್ಲಿ ಹಾಕಿಸಿದ್ದರು. ಮೇಲಿನ ಅರ್ಧ ಹಾಗೇ ಇದೆ.

ಮೊದಲು ಕೆಳಗಿನ ಸಪಾಟು ಅಂಗಳದಲ್ಲಿ ಒಂದು ಚಕ್ರ ರಾಡಿಯಲ್ಲಿಟ್ಟು ಆ ಸದ್ದು ಬರಿಸಿದೆ. ಐದಾರು ಸಲ. ಮೂರನೇ ಸಲಕ್ಕೆ ಕಾಲು ಹೆದರುವುದು ಬಿಟ್ಟಿತು. ಹೆಂಡತಿ, ಮಗಳನ್ನು ಇಳಿಸಿ ನಡೆದುಕೊಂಡು ಹೋಗಲು ಹೇಳಿದೆ. ಟೈರಿನ ಗಾಳಿ 24ಕ್ಕೆ ಇಳಿಸಿದೆ, ಮಡ್ ಹಾಕಿದೆ, ಎಡ ಚಕ್ರವನ್ನು ಧರೆಯ ಪಕ್ಕದ ಕಲ್ಲಿನ ಮಗ್ಗುಲಿಗೆ ಹಿಡಿದೆ. ಆ ಜೀಪಿನವರು ಹಿಂದಿನ ಸಂಜೆ ಮಳೆಯಲ್ಲಿ ನಡೆದು ಬಂದು ಕಾಲಿಂದ ತುಳಿದು ತೋರಿಸಿದ್ದ ಜಾಗ ಅದು.

ಹೋದ ಸಲದ ಜಾಗಕ್ಕೇ ಬಲ ಚಕ್ರ ಸುತ್ತಿತು. ಟರ್ರ್ ಟಕಟಕ. ಕಾಲು ಹಾಗೇ ಇಟ್ಟೆ. ಎಷ್ಟು ಹೊತ್ತು ಅಂತ ಹೇಳಲಾರೆ, ಎರಡು ಸೆಕೆಂಡು ಇರಬೇಕು. ಗಾಡಿ ಒಮ್ಮೆ ನಡುಗಿ, ಎಡ ಮಗ್ಗುಲಿನಿಂದ ಯಾರೋ ಎಳೆದ ಹಾಗೆ ಒಂದು ಗೇಣು ಮುಂದೆ ಹೋಯಿತು. ಮತ್ತೆ ಒಂದು ಗೇಣು. ಆಮೇಲೆ ಮೇಲಕ್ಕೆ ಹತ್ತಿತು. ಮಗಳು ಛತ್ರಿ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದಳು.

ವಾಪಸ್ ಬರುವಾಗ ಟಾರಿಗೆ ಹತ್ತಿದ ಮೇಲೆ ಗಾಳಿ ತುಂಬಿಸಿ, ಗಾಡಿ ಆಫ್ ಮಾಡಿ ಆನ್ ಮಾಡಿದೆ, ಕೊಟ್ಟಿಗೆಹಾರ ಮೇಡಂ ಹೇಳಿದ ಹಾಗೆ. ಹಾಸನದ ಗ್ಯಾರೇಜಿನವರೇ, ಮುಂದಿನ ವಾರ ಅದೇ ದಾರಿಯಲ್ಲಿ ಬರುತ್ತೇನೆ, ಪ್ಯಾಡ್ ನೋಡಿಸಬೇಕು.

ಹಾಸನ ಗ್ಯಾರೇಜ್ | ಆಗಸ್ಟ್ 4, ರಾತ್ರಿ 9:05

ಬನ್ನಿ ಸಾರ್. ಬೆಳಿಗ್ಗೆ ಹತ್ತರೊಳಗೆ ಬಂದರೆ ಮಧ್ಯಾಹ್ನದ ಊಟದ ಹೊತ್ತಿಗೆ ಬಿಡ್ತೀನಿ. ಬಲ ಮುಂದಿನದನ್ನು ಮೊದಲು ಬಿಚ್ಚೋಣ.